ಮಂತ್ರವೂ ವಿಜ್ಞಾನವೂ



ಈ ಹೊತ್ತಿನ ನನ್ನ ಭಾಷಣದ ವಿಷಯ ಮಂತ್ರಕ್ಕೂ ವಿಜ್ಞಾನಕ್ಕೂ ಇರುವ ಸಂಬಂಧ. ಮೊದಲು ಮಾತಿನ ಅರ್ಥವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ದೇವತಾರ್ಚನೆಯಲ್ಲಿ ಭಕ್ತನು ಹೇಳುವ ಮಂತ್ರದ ವಿಚಾರ ಇಲ್ಲಿ ನನಗೆ ಬೇಕಾಗಿಲ್ಲ. ಅದು ಅವನಿಗೂ ಅವನ ದೇವರಿಗೂ ಸೇರಿದ್ದು. ಜಾತ್ರೆಯ ಬಯಲಿನಲ್ಲಿ ಗಾರುಡಿಗನು ತೋರಿಸುವ ಕಣ್ಕಟ್ಟಿನ ವಿಚಾರವೂ ಬೇಕಾಗಿಲ್ಲ. ಅದು ಕೈಚಳಕವೆಂದು ಅವನೂ ಬಲ್ಲನು, ಕಾಸು ಕೊಟ್ಟು ನೋಡುವ ನಾವೂ ಬಲ್ಲೆವು. ಒಂದು ಮಾತನ್ನು ಉಚ್ಚರಿಸಿದ ಮಾತ್ರಕ್ಕೆ, ಒಂದು ತಾಯಿತವನ್ನು ಕಟ್ಟಿದ ಮಾತ್ರಕ್ಕೆ, ಒಂದು ನಿಂಬೆಯ ಹಣ್ಣನ್ನು ನಿವಾಳಿಸಿ ಎಸೆದ ಮಾತ್ರಕ್ಕೆ, ಹೊರಗಣ ಪ್ರಪಂಚದ ವಸ್ತುಗಳು ನಾವು ಹೇಳಿದಂತೆ ಕೇಳುವುವೆಂಬ ನಂಬಿಕೆ ಯಾವುದುಂಟೋ ಅದನ್ನೇ ಇಲ್ಲಿ ಮಂತ್ರವೆಂದು ಕರೆಯುತ್ತೇನೆ. ಹಳ್ಳಿಯವರು ಮಾಟ, ಮದ್ದು, ಗಾಳಿ, ದೃಷ್ಟಿ ಎಂದು ಹೇಳುವುದೆಲ್ಲವೂ ಇದರಲ್ಲಿ ಅಡಗುತ್ತದೆ.

ಇದಕ್ಕೂ ವಿಜ್ಞಾನಕ್ಕೂ ಇರುವ ಸಂಬಂಧವೇನೆಂದು ವಿದ್ಯಾವಂತರನ್ನು ಕೇಳಿದರೆ ಎರಡು ಬಗೆಯ ಉತ್ತರ ಬರುವುದುಂಟು. ಮಂತ್ರವು ಕತ್ತಲೆ, ವಿಜ್ಞಾನವು ಬೆಳಕು. ಬೆಳಕು ಬಂದೊಡನೆ ಕತ್ತಲೆ ಓಡಿತು ಎಂಬುದು ಒಂದು ಉತ್ತರ. ನಮ್ಮ ಹಿರಿಯರ ಮಂತ್ರಗಳಲ್ಲಿ ವಿಜ್ಞಾನವೇ ಅಡಗಿತ್ತು, ಇಂದಿನವರು ಅದನ್ನು ಹೊಸದಾಗಿ ಕಂಡುಹಿಡಿಯುತ್ತಿದ್ದಾರೆ ಎಂಬುದು ಇನ್ನೊಂದು. ಮೊದಲನೆಯ ಉತ್ತರದಲ್ಲಿ ಚರಿತ್ರೆಯ ಅಜ್ಞಾನವಿದೆ. ಎರಡನೆಯದರಲ್ಲಿ ವಿಜ್ಞಾನದ ಅಜ್ಞಾನವಿದೆ. ಎರಡರಲ್ಲಿ ಯಾವುದು ಹೆಚ್ಚು ಕೆಡಕೆಂದು ನಿರ್ಣಯಿಸುವುದಕ್ಕೆ ನಾನು ಹೋಗುವುದಿಲ್ಲ. ನಿಜಸ್ಥಿತಿ ಇವೆರಡಕ್ಕಿಂತಲೂ ಸ್ವಾರಸ್ಯವಾಗಿದೆ.

ಐರೋಪ್ಯ ದೇಶಗಳಲ್ಲಿ ಇವೆರಡೂ ಒಂದೇ ಮನೆಯಲ್ಲಿ ಹುಟ್ಟಿ ಬೆಳೆದ ದಾಯಾದಿಗಳು. ನೇಪಲ್ಸ್ ನಗರದಲ್ಲಿದ್ದ ಪೋರ್ತಾ ಎಂಬ ಪಂಡಿತನು 1558ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, 1589ರಲ್ಲಿ ಅದನ್ನು ಬಹಳವಾಗಿ ಹಿಗ್ಗಿಸಿದನು. ಅದರ ಹೆಸರೇ ‘ಪ್ರಾಕೃತಿಕ ಇಂದ್ರಜಾಲ’ ಎಂಬ ಅರ್ಥದ್ದು. ಸೂಜಿಗಲ್ಲಿಗೆ ಬೆಳ್ಳುಳ್ಳಿಯ ವಾಸನೆ ತಗಲಿದರೆ ಅದರ ಶಕ್ತಿ ಅಳಿದುಹೋಗುತ್ತದೆಂಬ ನಂಬಿಕೆ ಆ ದೇಶಗಳಲ್ಲಿ ಒಂದೂವರೆ ಸಾವಿರ ವರ್ಷದಿಂದ ನಡೆದುಬಂದಿತ್ತು. ದೊಡ್ಡ ದೊಡ್ಡ ಗ್ರಂಥಕಾರರು ಒಬ್ಬರನ್ನು ನೋಡಿ ಒಬ್ಬರು ಅದನ್ನು ಬರೆಯುತ್ತ ಬಂದಿದ್ದರು. ಪೋರ್ತಾ ಏನು ಮಾಡಿದನು? ತಾನೇ ಬೆಳ್ಳುಳ್ಳಿಯನ್ನು ತಿಂದು ಸೂಜಿಗಲ್ಲಿನ ಮೇಲೆ ಉಸಿರು ಬಿಟ್ಟನು. ಸಾಲದುದಕ್ಕೆ ಬೆಳ್ಳುಳ್ಳಿಯ ರಸವನ್ನು ಅದಕ್ಕೆ ಬಳಿದನು. ಕಲ್ಲು ಎಂದಿನಂತೆಯೇ ಕಬ್ಬಿಣವನ್ನು ಸೆಳೆಯಿತು. ದಿಕ್ಸೂಚಿಯ ಬಳಿ ಕೆಲಸಮಾಡುವ ನಾವಿಕರನ್ನು ಕೇಳಲಾಗಿ, ಅವರು ಇವೆಲ್ಲ ಮುದುಕಿಯರ ಕಥೆಗಳೆಂದೂ, ಪ್ರಾಣವನ್ನಾದರೂ ಬಿಟ್ಟೇವು, ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಡಲಾರೆವೆಂದೂ ಹೇಳಿದರಂತೆ. ಆದರೆ ಇದೇ ಪೋರ್ತಾ ಅದೇ ಗ್ರಂಥದಲ್ಲಿ, ವಜ್ರಕ್ಕೆ ತಿಕ್ಕಿದ ಕಬ್ಬಿಣದ ಸೂಜಿ ಉತ್ತರಕ್ಕೆ ತಿರುಗುವುದೆಂದು ಬರೆದನು. ಇಂಗ್ಲೆಂಡಿನ ವೈದ್ಯ ಗಿಲ್ಬರ್ಟ್ 75 ವಜ್ರಗಳನ್ನು ತರಿಸಿ, ಹಲವು ಮಂದಿ ಸಾಕ್ಷಿಗಳ ಎದುರಿಗೆ ಪರೀಕ್ಷಿಸಿ ಅದೂ ಸುಳ್ಳೆಂದು 1600ರಲ್ಲಿ ಪ್ರಕಟಿಸಬೇಕಾಯಿತು. ಮಂತ್ರವಾದಿಯ ಗ್ರಂಥದಲ್ಲಿಯೇ ಪ್ರಯೋಗವಿತ್ತು. ಪ್ರಯೋಗಮಾಡಿದವನಲ್ಲಿಯೇ ಮೂಢನಂಬಿಕೆಯೂ ಇತ್ತು.

ಇನ್ನೊಂದು ಉದಾಹರಣೆಯನ್ನು ನೋಡೋಣ. ಸಮುದ್ರದ ಉಬ್ಬರವಿಳಿತಗಳಿಗೆ ಚಂದ್ರನೇ ಕಾರಣನೆಂದು ಕೆಪ್ಲರನು 1609ರಲ್ಲಿ ಹೇಳಿದನು. ಲಕ್ಷಾಂತರ ಮೈಲಿ ದೂರದಲ್ಲಿರುವ ಚಂದ್ರನು, ಹಗ್ಗವಿಲ್ಲದೆ ಕೋಲಿಲ್ಲದೆ, ಕಡಲಿನ ನೀರನ್ನು ಎಳೆಯುವುದೆಂದರೇನು? ಇದು ಮಾಟಗಾರರ ಮಾತಿನಂತೆಯೇ ಗೆಲಿಲಿಯೋವಿಗೆ ಕೇಳಿಸಿತು. ಕೆಪ್ಲರನಂಥ ಬುದ್ಧಿವಂತನು ಇಂಥ ನಿಗೂಢ ಶಕ್ತಿಗಳಿಗೆ ಕಿವಿಗೊಟ್ಟನಲ್ಲಾ ಎಂದು 1632ರ ತನ್ನ ಗ್ರಂಥದಲ್ಲಿ ಅವನು ಆಶ್ಚರ್ಯಪಟ್ಟನು. ಭೂಮಿಯ ಚಲನೆಯಿಂದ ನೀರು ತುಳುಕುವುದೇ ಉಬ್ಬರವೆಂದು ತಾನು ಬೇರೊಂದು ಕಾರಣವನ್ನು ಕೊಟ್ಟನು. ನೋಡಿ, ವಿವೇಕಿಯಂತೆ ತೋರಿದ ಗೆಲಿಲಿಯೋ ಇಲ್ಲಿ ತಪ್ಪಿದನು. ಮಂತ್ರವಾದಿಯಂತೆ ತೋರಿದ ಕೆಪ್ಲರನದೇ ಸರಿಯಾಯಿತು. 1687ರಲ್ಲಿ ನ್ಯೂಟನ್ನನು ಲೆಕ್ಕಹಾಕಿ ಅದನ್ನು ಸ್ಥಾಪಿಸಿದ ಮೇಲೂ, ಗುರುತ್ವಾಕರ್ಷಣವು ನಿಗೂಢ ಶಕ್ತಿಯೆಂಬ ದೂರನ್ನು ಲೈಬ್‌ನಿಟ್ಸ್ ಮೊದಲಾದ ಪಂಡಿತರು ಹೊರಿಸಿದರು. ಆ ನ್ಯೂಟನ್ನನಾದರೋ ಚಿನ್ನ ಮಾಡುವ ರಸವಾದದ ವಿಷಯವಾಗಿ ರಾಶಿ ರಾಶಿ ಕಾಗದಗಳನ್ನು ಬರೆದಿಟ್ಟಿದ್ದನು. 1936ರಲ್ಲಿ ಲಂಡನ್ನಿನಲ್ಲಿ ಅವು ಹರಾಜಿಗೆ ಬಂದುವು. ಹಲವನ್ನು ಕೊಂಡು ಓದಿದ ಅರ್ಥಶಾಸ್ತ್ರಜ್ಞ ಕೇನ್ಸ್ ಮಹಾಶಯನು, ನ್ಯೂಟನ್ನನನ್ನು ವಿಜ್ಞಾನಯುಗದ ಮೊದಲಿಗನೆಂದು ಕರೆಯುವುದಕ್ಕಿಂತ ಮಾಂತ್ರಿಕರಲ್ಲಿ ಕಡೆಯವನೆಂದು ಕರೆಯುವುದೇ ಮೇಲೆಂದು ತೀರ್ಮಾನಿಸಿದನು.

ಆದಕಾರಣ, ಒಂದು ಅಭಿಪ್ರಾಯವು ವಿಚಿತ್ರವಾಗಿದೆ ಎಂಬಷ್ಟರಿಂದ ಅದು ಮಂತ್ರವಾಗುವುದಿಲ್ಲ. ವಿವೇಕವಾಗಿ ತೋರುತ್ತದೆ ಎಂಬಷ್ಟರಿಂದ ವಿಜ್ಞಾನವೂ ಆಗುವುದಿಲ್ಲ. ಎರಡನ್ನೂ ಬೇರ್ಪಡಿಸುವ ಗೆರೆ ಬೇರೆ ಕಡೆ ಇದೆ. ಅದನ್ನು ಹುಡುಕುವುದು ಕೇವಲ ಪಂಡಿತರ ವಿನೋದವೆಂದು ಭಾವಿಸಬೇಡಿರಿ. ಗ್ರಹಗಳ ಪಥವನ್ನು ಕಂಡ ಅದೇ ಕೆಪ್ಲರನ ತಾಯಿಯ ಮೇಲೆ, ಮಾಟಗಾತಿಯೆಂಬ ಅಪವಾದವು 1615ರಲ್ಲಿ ಬಂತು. ಎಪ್ಪತ್ತು ವರ್ಷ ದಾಟಿದ ಆ ಮುದುಕಿಯನ್ನು 1620ರಲ್ಲಿ ಸೆರೆಗೆ ಹಾಕಿದರು. ಹದಿನಾಲ್ಕು ತಿಂಗಳು ಸಂಕೋಲೆಯಲ್ಲಿಟ್ಟರು. ಕಡೆಗೆ ಚಿತ್ರಹಿಂಸೆಯ ಉಪಕರಣಗಳನ್ನು ಮುಂದೆ ಇರಿಸಿ ಹೆದರಿಸಿದರು. ಆಕೆ ಒಪ್ಪಿಕೊಳ್ಳಲಿಲ್ಲ. ಮಗನು ತನ್ನ ಕೆಲಸವನ್ನು ಬಿಟ್ಟು ಬಂದು ವಾದವನ್ನು ತಾನೇ ಬರೆದನು. ಮಾಟವೆಂಬುದೇ ಇಲ್ಲವೆಂದು ಅವನು ವಾದಿಸಲಿಲ್ಲ. ಆ ಕಾಲದಲ್ಲಿ ಹಾಗೆ ವಾದಿಸಿದ್ದರೆ ತಾಯಿ ಉಳಿಯುತ್ತಿರಲಿಲ್ಲವೇನೋ. ಫಿರ್ಯಾದಿಗಳು ಒಬ್ಬೊಬ್ಬರ ಕಾಯಿಲೆಗೂ ಏನೇನು ಸಹಜ ಕಾರಣಗಳಿದ್ದುವೆಂಬುದನ್ನು ಒಂದೊಂದಾಗಿ ಎತ್ತಿ ತೋರಿಸಿದನು. 1621ರಲ್ಲಿ ಬಿಡುಗಡೆಯಾಯಿತು, ಆರು ತಿಂಗಳಿಗೆ ಆಕೆ ತೀರಿಹೋದಳು.

ಮನುಷ್ಯನು ಮಂತ್ರವನ್ನು ಏಕೆ ಹಿಡಿಯುತ್ತಾನೆ? ಬುದ್ಧಿಯಿಲ್ಲದುದರಿಂದ ಎಂದು ಹೇಳಿಬಿಡುವುದು ಸುಲಭ. ಇದಕ್ಕಿಂತ ಒಳ್ಳೆಯ ಉತ್ತರವನ್ನು ಕೊಟ್ಟವನು ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞನು. ನ್ಯೂಗಿನಿಯ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಅವನು 1915ರಿಂದ 1918ರ ಒಳಗೆ ಎರಡು ಸಲ ಇದ್ದು, ಅಲ್ಲಿಯ ಜನರ ಭಾಷೆಯನ್ನೇ ಕಲಿತು ಅವರ ನಡೆನುಡಿಗಳನ್ನು ಗಮನಿಸಿದನು. ಅವರಲ್ಲಿ ಮೀನುಗಾರಿಕೆ ಎರಡು ವಿಧ. ಒಳಗಡಲಿನ ತಿಳಿನೀರಿನಲ್ಲಿ ಹಿಡಿಯುವುದು ಒಂದು. ಅಲ್ಲಿ ಅಪಾಯವಿಲ್ಲ, ಮೀನು ಸಿಕ್ಕುವುದು ನಿಶ್ಚಯ. ತೆರೆದ ಸಮುದ್ರಕ್ಕೆ ದೋಣಿ ಹಾಕಿ ಹೋಗುವುದು ಇನ್ನೊಂದು. ಅಲ್ಲಿ ಗಾಳಿ, ಅಲೆ, ಸಾವು. ಈ ಎರಡನೆಯದಕ್ಕೆ ಮಂತ್ರತಂತ್ರಗಳ ಕಟ್ಟು ವಿಪುಲವಾಗಿತ್ತು. ಮೊದಲನೆಯದಕ್ಕೆ ಮಂತ್ರವೇ ಇರಲಿಲ್ಲ. ಜನ ಅವರೇ, ಬುದ್ಧಿ ಅದೇ. ದೋಣಿಯನ್ನು ಹೇಗೆ ಕಟ್ಟಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬ ಜ್ಞಾನವನ್ನು ಅವರು ಮಂತ್ರಕ್ಕೆ ಬಿಟ್ಟುಕೊಟ್ಟವರಲ್ಲ. ತಿಳಿವಳಿಕೆಯೂ ಕೈಯಳವೂ ಎಲ್ಲಿ ನಿಲ್ಲುವುವೋ, ಭಯವು ಎಲ್ಲಿ ಮೊದಲಾಗುವುದೋ, ಅಲ್ಲಿಂದ ಮುಂದಕ್ಕೆ ಮಂತ್ರ. ನಮ್ಮ ಪಟ್ಟಣಗಳಲ್ಲಿಯೂ ಅಂಗಡಿಯವನು ತಕ್ಕಡಿಯನ್ನು ಮಂತ್ರಿಸುವುದಿಲ್ಲ. ಬಾಗಿಲಿಗೆ ಮಾತ್ರ ಮೆಣಸಿನಕಾಯಿ ನಿಂಬೆಹಣ್ಣುಗಳನ್ನು ಕಟ್ಟುತ್ತಾನೆ. ತೂಕ ಅವನ ಕೈಯಲ್ಲಿದೆ. ಗಿರಾಕಿ ಬರುವುದು ಅವನ ಕೈಯಲ್ಲಿಲ್ಲ.

ನಮ್ಮ ದೇಶದ ತೆರೆದ ಸಮುದ್ರ ಯಾವುದೆಂದರೆ, ನನ್ನ ಅಭಿಪ್ರಾಯದಲ್ಲಿ, ಮಳೆಗಾಲದ ಒಂದು ರಾತ್ರಿ ಗದ್ದೆಯ ಬದುವಿನ ಮೇಲೆ ಕಾಲಿಗೆ ಹಾವು ಕಚ್ಚುವ ಗಳಿಗೆ. ಕಚ್ಚಿದ್ದು ಯಾವ ಹಾವೋ ಕತ್ತಲೆಯಲ್ಲಿ ಕಾಣದು, ವಿಷವು ಏರಿತೋ ಇಲ್ಲವೋ ತಿಳಿಯದು, ಆಸ್ಪತ್ರೆ ದೂರ. ಹಾವಿನ ಮಂತ್ರ ಬಲ್ಲವನಾದರೋ ಪಕ್ಕದ ಊರಿನಲ್ಲಿದ್ದಾನೆ. ಅವನು ಸಾಮಾನ್ಯವಾಗಿ ಕೆಟ್ಟವನಲ್ಲ. ಮಂತ್ರಕ್ಕೆ ಹಣ ತೆಗೆದುಕೊಂಡರೆ ಸಿದ್ಧಿ ಹೋಗುವುದೆಂದು ನಂಬಿ, ಅರ್ಧರಾತ್ರಿಯಲ್ಲಿಯೂ ಎದ್ದು ಬರುವವನು ಅವನು. ಮಂತ್ರದ ಪ್ರಶ್ನೆಯನ್ನು ಠಕ್ಕರ ಉದಾಹರಣೆಯಿಂದ ಪರೀಕ್ಷಿಸುವುದು ಸುಲಭ; ಇಂಥ ಪ್ರಾಮಾಣಿಕನ ಉದಾಹರಣೆಯಿಂದ ಪರೀಕ್ಷಿಸುವುದೇ ನ್ಯಾಯ.

ನಮ್ಮ ಪ್ರಾಚೀನ ವೈದ್ಯರು ಈ ವಿಷಯವನ್ನು ಯೋಚಿಸದೆ ಇರಲಿಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹಾವಿನ ಕಡಿತವನ್ನು ವಿಂಗಡಿಸುವಾಗ, ವಿಷವು ಪೂರ್ಣವಾಗಿ ಇಳಿದ ಕಡಿತ, ಸ್ವಲ್ಪವೇ ಇಳಿದದ್ದು, ಸ್ವಲ್ಪವೂ ಇಳಿಯದ ನಿರ್ವಿಷವಾದದ್ದು ಎಂದು ಮೂರು ಭೇದಗಳನ್ನು ಹೇಳಿದೆ. ಇಷ್ಟಲ್ಲದೆ, ಹೆದರುಪುಕ್ಕಲನಾದವನಿಗೆ ಹಾವಿನ ಮೈ ತಾಕಿದ ಮಾತ್ರಕ್ಕೆ ಬಾವು ಬರುವುದನ್ನೂ ಹೇಳಿದೆ. ಚರಕಸಂಹಿತೆಯಲ್ಲಿ ಶಂಕಾವಿಷವೆಂಬ ಇನ್ನೂ ಚಮತ್ಕಾರವಾದ ಮಾತುಂಟು: ಕತ್ತಲೆಯಲ್ಲಿ ಏನೋ ಚುಚ್ಚಿದಾಗ, ವಿಷವಿರಬಹುದೆಂಬ ಶಂಕೆಯಿಂದಲೇ ಜ್ವರ, ವಾಂತಿ, ಮೂರ್ಛೆ, ಉರಿ ಮುಂತಾದುವು ಹುಟ್ಟುತ್ತವೆ. ಇದಕ್ಕೆ ಚಿಕಿತ್ಸೆಯೇನು? ಮಂತ್ರಿಸಿದ ನೀರನ್ನು ಪ್ರೋಕ್ಷಿಸುವುದು, ಸಮಾಧಾನ ಹೇಳುವುದು, ಸಂತೋಷಪಡಿಸುವುದು. ರೋಗವು ಮನಸ್ಸಿನಲ್ಲಿ, ಮದ್ದೂ ಮನಸ್ಸಿಗೆ. ಇಷ್ಟು ದೂರ ಇಂದಿನ ವೈದ್ಯನೂ ತಲೆದೂಗಬಹುದು.

ಆದರೆ ನಿಜವಾದ ವಿಷದ ವಿಚಾರಕ್ಕೆ ಬಂದಾಗ ಸುಶ್ರುತನ ಮಾತು ಬಹು ಎಚ್ಚರಿಕೆಯಿಂದ ಕೂಡಿದೆ. ಮಂತ್ರದ ಮಹಿಮೆಯನ್ನು ಅವನು ಅಲ್ಲಗಳೆಯುವುದಿಲ್ಲ. ಅದನ್ನು ಸಾಧಿಸುವವನು ಸ್ತ್ರೀಸಂಗ ಮಾಂಸ ಮದ್ಯಗಳನ್ನು ಬಿಟ್ಟು, ಮಿತಾಹಾರಿಯಾಗಿ, ಶುಚಿಯಾಗಿ, ದರ್ಭೆಯ ಮೇಲೆ ಮಲಗಬೇಕೆಂದು ನಿಯಮಗಳನ್ನು ಹೇಳುತ್ತಾನೆ. ಅನಂತರ, ವಿಧಿ ತಪ್ಪಿದರೆ, ಸ್ವರವೋ ಅಕ್ಷರವೋ ಲೋಪವಾದರೆ ಮಂತ್ರವು ಸಿದ್ಧಿಸುವುದಿಲ್ಲವಾದುದರಿಂದ ಔಷಧಕ್ರಮವನ್ನು ಕೈಕೊಳ್ಳತಕ್ಕದ್ದೆಂದು ಬಾಗಿಲನ್ನು ತೆರೆದಿಡುತ್ತಾನೆ. ಈ ವಾಕ್ಯವನ್ನು ಓದಿದಾಗಲೆಲ್ಲ ಆ ವೈದ್ಯನ ಮುಖದ ಮೇಲೆ ಒಂದು ಕಿರುನಗೆಯನ್ನು ನಾನು ಕಲ್ಪಿಸಿಕೊಳ್ಳುವುದುಂಟು. ಆದರೆ ವಾಕ್ಯಕ್ಕೆ ಎರಡು ಮುಖಗಳಿವೆ. ಒಂದು ಕಡೆ ಅದು ರೋಗಿಯನ್ನು ಔಷಧದ ಕಡೆಗೆ ಕಳುಹಿಸುತ್ತದೆ. ಇನ್ನೊಂದು ಕಡೆ ಮಂತ್ರಕ್ಕೆ ಎಂದೆಂದಿಗೂ ಸೋಲಿಲ್ಲದಂತೆ ಮಾಡುತ್ತದೆ. ಏಕೆಂದರೆ ರೋಗಿ ಬದುಕಿದರೆ ಮಂತ್ರ ಫಲಿಸಿತು, ಸತ್ತರೆ ಅಕ್ಷರ ತಪ್ಪಿತು.

ಇದೇ ಬಗೆಯ ಉತ್ತರವನ್ನು ಪ್ಯಾರಿಸ್ ನಗರದಲ್ಲಿ 1784ರಲ್ಲಿ ಕೇಳಬಹುದಾಗಿತ್ತು. ಮೆಸ್ಮರ್ ಎಂಬ ವೈದ್ಯನು ಪ್ರಾಣಿಗಳ ಶರೀರದಲ್ಲಿ ಹರಿಯುವ ಒಂದು ಅಯಸ್ಕಾಂತದ್ರವವನ್ನು ತಾನು ಕಂಡುಹಿಡಿದಿರುವುದಾಗಿಯೂ, ಅದನ್ನು ಕೈಬೀಸಿ ನಡೆಸಿ ರೋಗಗಳನ್ನು ಗುಣಪಡಿಸುವುದಾಗಿಯೂ ಹೇಳಿ ಊರನ್ನೆಲ್ಲ ಮರುಳುಮಾಡಿದ್ದನು. ಅವನೆದುರಿಗೆ ದೊಡ್ಡ ಮನೆತನದ ಹೆಂಗಸರು ಮೈನಡುಗಿ ಬೀಳುತ್ತಿದ್ದರು. ದೊರೆ ಹದಿನಾರನೆಯ ಲೂಯಿ ಒಂದು ಪರೀಕ್ಷಕ ಮಂಡಲಿಯನ್ನು ನೇಮಿಸಿದನು. ಅಮೆರಿಕೆಯ ರಾಯಭಾರಿಯಾಗಿದ್ದ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವೋಸಿಯೇ, ಖಗೋಳಜ್ಞ ಬೈಯಿ, ವೈದ್ಯ ಗಿಯೋತಾಂ ಮೊದಲಾದವರು ಅದರಲ್ಲಿದ್ದರು. ಫ್ರಾಂಕ್ಲಿನ್ನನಿಗೆ ವಯಸ್ಸಾಗಿ ಆರೋಗ್ಯ ಕೆಟ್ಟಿದ್ದುದರಿಂದ ಕೆಲವು ಪರೀಕ್ಷೆಗಳು ಅವನ ಮನೆಯಲ್ಲಿಯೇ ನಡೆದುವು. ಮೆಸ್ಮರನ ಶಿಷ್ಯ ದೆಲೋನ್ ಎಂಬವನು ತೋಟದ ಒಂದು ಜರ್ದಾಳು ಗಿಡಕ್ಕೆ ಶಕ್ತಿಯನ್ನು ತುಂಬಿದನು. ಅವನೇ ಆರಿಸಿ ತಂದ ಹನ್ನೆರಡು ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಶಕ್ತಿ ತುಂಬದ ನಾಲ್ಕು ಗಿಡಗಳನ್ನು ಒಂದಾದಮೇಲೊಂದರಂತೆ ಅಪ್ಪಿಸಿದರು. ಮೊದಲನೆಯದರಲ್ಲಿ ಹುಡುಗನು ಬೆವರಿ ಕೆಮ್ಮಿದನು, ಮುಂದೆ ತಲೆನೋವು ಬಂತು, ನಾಲ್ಕನೆಯದರಲ್ಲಿ ಮೂರ್ಛೆಹೋದನು. ಶಕ್ತಿಯಿದ್ದ ಗಿಡವು ಅಲ್ಲಿಂದ ಇಪ್ಪತ್ತನಾಲ್ಕು ಅಡಿ ದೂರದಲ್ಲಿತ್ತು! ದೆಲೋನನು, ತೋಟದಲ್ಲಿರುವ ಗಿಡಗಳೆಲ್ಲಕ್ಕೂ ಸಹಜವಾಗಿಯೇ ಸ್ವಲ್ಪ ಶಕ್ತಿಯಿರುವುದೆಂದು ಸಮಾಧಾನ ಹೇಳಿದನು. ಹಾಗಾದರೆ ಇಂಥ ಸೂಕ್ಷ್ಮಪ್ರಕೃತಿಯವರು ತೋಟಕ್ಕೆ ಕಾಲಿಟ್ಟೊಡನೆಯೇ ಬಿದ್ದುಹೋಗಬೇಕಾಗಿತ್ತಲ್ಲಾ ಎಂದು ಪರೀಕ್ಷಕರು ಬರೆದುಕೊಂಡರು.

ಈ ಪರೀಕ್ಷಕರ ದೊಡ್ಡತನವು ಮೆಸ್ಮರನನ್ನು ಸೋಲಿಸಿದುದರಲ್ಲಿಲ್ಲ. ಹುಡುಗನು ನಿಜವಾಗಿಯೂ ಮೂರ್ಛೆಹೋದನೆಂಬುದನ್ನು ಅವರು ಒಪ್ಪಿಕೊಂಡರು. ಕಲ್ಪನೆಯಿದ್ದು ದ್ರವವಿಲ್ಲದಿದ್ದರೂ ಪರಿಣಾಮ ಉಂಟು. ದ್ರವವಿದೆಯೆಂದು ಹೇಳಿ ಕಲ್ಪನೆಯನ್ನು ತೆಗೆದುಬಿಟ್ಟರೆ ಪರಿಣಾಮವಿಲ್ಲ. ನಂಬಿಕೆಯೇ ಶರೀರದ ಮೇಲೆ ಕೆಲಸಮಾಡುವ ಒಂದು ಕಾರಣವೆಂಬುದು ಆ ದಿನ ಅಳತೆಗೆ ಸಿಕ್ಕಿತು. ಹೊಸ ಔಷಧವನ್ನು ಪರೀಕ್ಷಿಸುವಾಗ, ಯಾರಿಗೆ ಔಷಧ ಕೊಟ್ಟಿದೆ, ಯಾರಿಗೆ ಬರಿಯ ಹಿಟ್ಟಿನ ಗುಳಿಗೆ ಕೊಟ್ಟಿದೆ ಎಂಬುದನ್ನು ರೋಗಿಗೂ ವೈದ್ಯನಿಗೂ ತಿಳಿಸದೆ ನೋಡುವ ಇಂದಿನ ಪದ್ಧತಿಯು ಆ ಕಣ್ಣಿನ ಬಟ್ಟೆಯ ಸಂತಾನ. ನಂಬಿಕೆಯು ಹುಡುಗನನ್ನು ಬೀಳಿಸಬಲ್ಲುದು. ಬಿದ್ದವನನ್ನು ಎಬ್ಬಿಸಲೂ ಬಲ್ಲುದು. ಆದರೆ ನಾಗರಹಾವಿನ ವಿಷವು ಉಸಿರಾಟದ ಸ್ನಾಯುಗಳನ್ನು ಕಟ್ಟಿಹಾಕುವಾಗ, ಕೊಳಕುಮಂಡಲದ ವಿಷವು ರಕ್ತವು ಹೆಪ್ಪುಗಟ್ಟುವ ಗುಣವನ್ನು ಕೆಡಿಸುವಾಗ, ರೋಗಿಯ ನಂಬಿಕೆಯೇನೆಂದು ಅವು ವಿಚಾರಿಸುವುದಿಲ್ಲ.

ಹಾಗಾದರೆ ಹಾವಿನ ಮಂತ್ರಕ್ಕೆ ಅಷ್ಟು ಕೀರ್ತಿ ಹೇಗೆ ಬಂತು? ಇದು ಲೆಕ್ಕದ ಮಾತು. ನಮ್ಮಲ್ಲಿರುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದುವು. ವಿಷವುಳ್ಳ ಹಾವೂ ಕಚ್ಚಿದಾಗಲೆಲ್ಲ ವಿಷವನ್ನು ಇಳಿಸುವುದಿಲ್ಲ. ಬರಿಯ ಲೆಕ್ಕಕ್ಕಾಗಿ ಹೀಗೆ ಭಾವಿಸೋಣ: ಒಬ್ಬ ಮಂತ್ರವಾದಿಯ ಬಳಿಗೆ ಹಲವು ವರ್ಷಗಳಲ್ಲಿ ನೂರು ಮಂದಿ ಬಂದರು. ಅವರಲ್ಲಿ ಅರವತ್ತು ಮಂದಿಗೆ ಕಚ್ಚಿದ್ದು ಕೇರೆಯೋ ನೀರುಹಾವೋ. ಇಪ್ಪತ್ತು ಮಂದಿಗೆ ಕಚ್ಚಿದ್ದು ವಿಷದ ಹಾವಾದರೂ ವಿಷ ಇಳಿಯಲಿಲ್ಲ. ಈ ಎಂಬತ್ತು ಮಂದಿಯೂ, ಯಾರು ಏನು ಮಾಡಿದರೂ, ಮಾಡದಿದ್ದರೂ, ಬದುಕತಕ್ಕವರು. ಅವರಿಗಿದ್ದದ್ದು ಚರಕನ ಶಂಕಾವಿಷ. ಮಂತ್ರದಿಂದ ಅದು ಇಳಿಯಿತು, ಮೂರ್ಛೆ ತಿಳಿಯಿತು, ಬೆಳಗಾಗುವಷ್ಟರಲ್ಲಿ ಎದ್ದು ಕುಳಿತರು. ಎಂಬತ್ತು ಮಂದಿ ಆಯುಷ್ಯವಿರುವವರೆಗೂ ಆ ಮಂತ್ರವಾದಿಯ ಹೆಸರನ್ನು ಹೇಳುತ್ತಾರೆ. ಉಳಿದವರಲ್ಲಿ ಸತ್ತವರು ಏನನ್ನೂ ಹೇಳುವುದಿಲ್ಲ. ಅವರ ಮನೆಯವರು, ಕರೆತಂದದ್ದು ತಡವಾಯಿತೆಂದೋ, ದಾರಿಯಲ್ಲಿ ಮೈಲಿಗೆಯಾಯಿತೆಂದೋ, ಅಮಾವಾಸ್ಯೆಯ ಕಡಿತವೆಂದೋ ಸುಮ್ಮನಾಗುತ್ತಾರೆ. ಮಂತ್ರವಾದಿಯು ಸುಳ್ಳು ಹೇಳಲಿಲ್ಲ. ಅವನು ಕಣ್ಣಾರೆ ಕಂಡದ್ದನ್ನೇ ನಂಬಿದನು. ಆದರೆ ಜಮೆಯ ಪುಟವನ್ನು ಮಾತ್ರ ಬರೆದು ಖರ್ಚಿನ ಪುಟವನ್ನು ಹರಿದುಹಾಕಿದ ಲೆಕ್ಕ ಅದು. ಸೋಲುಗಳನ್ನೂ ಬರೆದಿಡುವ ಪುಸ್ತಕ ಎಲ್ಲಿದೆಯೋ ಅಲ್ಲಿ ಮಂತ್ರಕ್ಕೂ ವಿಜ್ಞಾನಕ್ಕೂ ನಡುವಣ ಗೆರೆ ಇದೆ.

ಗೆರೆಯ ಈಚೆಗೆ ಇರುವವರೆಲ್ಲರೂ ವಿಜ್ಞಾನಿಗಳೆಂದು ಹೇಳಿಸಿಕೊಂಡ ಮಾತ್ರಕ್ಕೆ ಸುರಕ್ಷಿತರಲ್ಲ. 1904ರಲ್ಲಿ ಬ್ರಂಟನ್, ಫೇಯರರ್, ರಾಜರ್ಸ್ ಎಂಬ ಮೂವರು ಪ್ರಖ್ಯಾತ ವೈದ್ಯರು ಹಾವಿನ ಕಡಿತಕ್ಕೆ ಒಂದು ಅಗ್ಗದ ಉಪಕರಣವನ್ನು ಲೋಕಕ್ಕೆ ಕೊಟ್ಟರು. ಒಂದು ತುದಿಯಲ್ಲಿ ಚಿಕ್ಕ ಅಲಗು. ಇನ್ನೊಂದು ತುದಿಯ ಟೊಳ್ಳಿನಲ್ಲಿ ಪೊಟಾಸಿಯಂ ಪರ್ಮ್ಯಾಂಗನೇಟಿನ ನೇರಿಳೆ ಬಣ್ಣದ ಹರಳುಗಳು. ಕಡಿತವನ್ನು ಕೊಯ್ದು ಹರಳುಗಳನ್ನು ತಿಕ್ಕಬೇಕು. ಈ ಪದಾರ್ಥವು ಗಾಜಿನ ಪಾತ್ರೆಯಲ್ಲಿ ವಿಷವನ್ನು ನಾಶಪಡಿಸುತ್ತಿದ್ದದ್ದು ನಿಜ. ಇಂಡಿಯಾ ದೇಶದಲ್ಲಿ ಇದು ಬಳಕೆಗೆ ಬಂತು; ಬದುಕಿದವರ ವೃತ್ತಾಂತಗಳೂ ಬಂದುವು. ಬಾರದೆ ಏನು? ಹಿಂದೆ ಹೇಳಿದ ಎಂಬತ್ತು ಮಂದಿ ಇಲ್ಲಿಯೂ ಬದುಕತಕ್ಕವರೇ ಅಲ್ಲವೆ? ಅನಂತರದ ಪ್ರಯೋಗಗಳಲ್ಲಿ, ಮಾಂಸದೊಳಕ್ಕೆ ಇಳಿದ ವಿಷವನ್ನು ಈ ಹರಳುಗಳು ಹಿಂಬಾಲಿಸಿ ಹೋಗಲಾರವೆಂದೂ, ಗಾಯವನ್ನು ಸುಟ್ಟು ಕೆಡಿಸುವುದಷ್ಟೇ ಅವುಗಳ ಕೆಲಸವೆಂದೂ ಗೊತ್ತಾಗಿ ಆ ಚಿಕಿತ್ಸೆಯು ಕೈಬಿಟ್ಟುಹೋಯಿತು. ಕಡಿತದ ಮೇಲುಗಡೆ ಬಿಗಿಯಾಗಿ ದಾರ ಕಟ್ಟುವುದನ್ನು ಸುಶ್ರುತನೂ ಹೇಳಿದ್ದನು, ಇಂಗ್ಲೀಷು ವೈದ್ಯರೂ ಬಹುಕಾಲ ಹೇಳುತ್ತ ಬಂದರು. ಅದರಿಂದ ಕೈಕಾಲುಗಳೇ ಕೊಳೆತುಹೋಗುವುದುಂಟೆಂದು ಇಂದು ಅದನ್ನೂ ಬೇಡವೆನ್ನುತ್ತಾರೆ. ಕೋಟು ಹಾಕಿಕೊಂಡ ಮಂತ್ರವೂ ಮಂತ್ರವೇ. ಭೇದವಿಷ್ಟೇ: ಇಲ್ಲಿ ಖರ್ಚಿನ ಪುಟವನ್ನು ಯಾರೋ ಒಬ್ಬರು ಎಂದೋ ಒಂದು ದಿನ ಬರೆದರು, ಬರೆದ ಮೇಲೆ ಪ್ರಖ್ಯಾತರ ಹೆಸರು ಅಡ್ಡಬರಲಿಲ್ಲ.

ಈಗ ಇರುವ ನಿಜವಾದ ಔಷಧವು 1890ರ ದಶಕದಲ್ಲಿ ಫ್ರಾನ್ಸಿನ ಕಾಲ್ಮೆತ್ ಮೊದಲಾದವರ ಪರಿಶ್ರಮದಿಂದ ಹುಟ್ಟಿದ್ದು. ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ತೆಗೆದು ರೋಗಿಗೆ ಕೊಡುವುದು ಇದರ ಕ್ರಮ. ನಮ್ಮ ದೇಶದ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕಕ್ಕೆ ತಯಾರಾಗಿದೆ. ಇದೂ ಸರ್ವರೋಗನಿವಾರಿಣಿಯಲ್ಲ. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುವುದರಿಂದ ಎಲ್ಲ ಕಡೆಯಲ್ಲಿಯೂ ಇದು ಒಂದೇ ಸಮನಾಗಿ ಕೆಲಸಮಾಡುವುದಿಲ್ಲ. ಮಲೆನಾಡಿನ ಒಂದು ಬಗೆಯ ಗುಳಿಮಂಡಲದ ವಿಷಕ್ಕೆ ಇದರಿಂದ ಪ್ರಯೋಜನವಿಲ್ಲ. ಈ ಕೊರತೆಯನ್ನು ಹೊರಗೆಡವಿ ಪ್ರಕಟಿಸಿದವರು ಮಂತ್ರವಾದಿಗಳಲ್ಲ, ವಿಜ್ಞಾನಿಗಳೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಅವರಲ್ಲಿ ಸೇರಿದ್ದಾರೆ.

ಇಷ್ಟಾದರೂ ಇನ್ನೊಂದು ಲೆಕ್ಕದ ವಿಷಯದಲ್ಲಿ ನಾವೆಲ್ಲರೂ ತಲೆತಗ್ಗಿಸಬೇಕಾಗಿದೆ. ಹಾವಿನ ಕಡಿತದಿಂದ ನಮ್ಮ ದೇಶದಲ್ಲಿ ಎಷ್ಟು ಮಂದಿ ಸಾಯುತ್ತಾರೆ? ಬಹುಕಾಲ ಆಸ್ಪತ್ರೆಗಳ ದಾಖಲೆಗಳನ್ನೇ ಕೂಡಿಸಿ ಒಂದು ಸಣ್ಣ ಸಂಖ್ಯೆಯನ್ನು ಹೇಳುತ್ತಿದ್ದರು. ಮನೆಮನೆಗೆ ಹೋಗಿ ವಿಚಾರಿಸಿ ಮಾಡಿದ ಗಣನೆಯೊಂದು 2011ರಲ್ಲಿ ಪ್ರಕಟವಾಯಿತು. ಸತ್ತವರಲ್ಲಿ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟವರು ನೂರಕ್ಕೆ 23 ಮಂದಿ ಮಾತ್ರವೆಂದು ಅದರಿಂದ ತಿಳಿದುಬಂತು. ಉಳಿದವರು ಮನೆಯಲ್ಲಿಯೋ ದಾರಿಯಲ್ಲಿಯೋ ಹೋದವರು. ಯಾವ ದಾಖಲೆಯಲ್ಲಿಯೂ ಇಲ್ಲದವರು. 2020ರಲ್ಲಿ ಬಂದ ಇನ್ನೊಂದು ಗಣನೆಯಂತೆ 2000ದಿಂದ 2019ರವರೆಗೆ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಇವರಲ್ಲಿ ಬಹುಮಂದಿ ಹಳ್ಳಿಯವರು, ಅರ್ಧದಷ್ಟು ಮಂದಿ ಮಳೆಗಾಲದಲ್ಲಿ ಸತ್ತವರು. ಖರ್ಚಿನ ಪುಟವನ್ನು ಹರಿದವನು ಮಂತ್ರವಾದಿಯೊಬ್ಬನೇ ಅಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ. ಹಾವಿನ ಕಡಿತದ ಪ್ರತಿಯೊಂದು ಪ್ರಸಂಗವನ್ನೂ ಸರ್ಕಾರಕ್ಕೆ ವರದಿಮಾಡತಕ್ಕದ್ದೆಂದು ಕರ್ನಾಟಕದಲ್ಲಿ ವಿಧಿಸಿದ್ದು 2024ರಲ್ಲಿ.

ಕಾನೂನೂ ಬಂದಿದೆ. ಅಮಾನವೀಯ ಅನಿಷ್ಟ ಪದ್ಧತಿಗಳನ್ನೂ ಮಾಟಮಂತ್ರಗಳನ್ನೂ ತಡೆಯುವುದಕ್ಕಾಗಿ ಕರ್ನಾಟಕದಲ್ಲಿ 2017ರಲ್ಲಿ ಆದ ಕಾಯಿದೆ 2020ರಲ್ಲಿ ಜಾರಿಗೆ ಬಂತು. ನಾಯಿ, ಹಾವು, ಚೇಳು ಕಚ್ಚಿದವನನ್ನು ವೈದ್ಯಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರತಂತ್ರಗಳಿಗೆ ಒಳಪಡಿಸುವುದೂ ಅದರಲ್ಲಿ ಅಪರಾಧವಾಗಿದೆ. ಕಾಯಿದೆಯ ಮಾತನ್ನು ಗಮನಿಸಿರಿ: ಅಪರಾಧವಿರುವುದು ತಡೆಯುವುದರಲ್ಲಿ. ಇದು ಸರಿಯೆಂದು ನನಗೆ ತೋರುತ್ತದೆ. ಆದರೆ ಕಾಯಿದೆಯೊಂದರಿಂದಲೇ ಕೆಲಸ ಆಗುವುದಿಲ್ಲ. ಟ್ರೋಬ್ರಿಯಾಂಡ್ ದ್ವೀಪದವನಿಗೆ ಒಳಗಡಲಿನಲ್ಲಿ ಮಂತ್ರ ಬೇಡವಾದದ್ದು ಯಾರೋ ನಿಷೇಧಿಸಿದುದರಿಂದಲ್ಲ. ಅಲ್ಲಿ ಅದರ ಅಗತ್ಯ ತೋರದೆ ಇದ್ದುದರಿಂದ. ಹತ್ತಿರದ ಆಸ್ಪತ್ರೆಯಲ್ಲಿ ಅರ್ಧರಾತ್ರಿಯಲ್ಲಿ ವೈದ್ಯನಿದ್ದು, ಬೀರುವಿನಲ್ಲಿ ಪ್ರತಿವಿಷವಿದ್ದು, ಅಲ್ಲಿಗೆ ಹೋಗಲು ವಾಹನವಿದ್ದರೆ, ಗದ್ದೆಯ ಬದುವೂ ಒಳಗಡಲಾಗುತ್ತದೆ. ಇವು ಮೂರರಲ್ಲಿ ಒಂದು ಇಲ್ಲದಿದ್ದರೂ ರೈತನು ಮಂತ್ರವಾದಿಯ ಬಾಗಿಲನ್ನು ತಟ್ಟುತ್ತಾನೆ. ಅವನನ್ನು ಮೂಢನೆಂದು ಕರೆಯುವ ಅಧಿಕಾರ, ವಿದ್ಯುದ್ದೀಪದ ಕೆಳಗೆ ಕುಳಿತ ನಮಗೆ ಎಲ್ಲಿಂದ ಬಂತು?

ನಾವಾದರೋ ನಮ್ಮ ನಮ್ಮ ತೆರೆದ ಸಮುದ್ರಗಳಲ್ಲಿ ಅಷ್ಟೇನೂ ಧೀರರಲ್ಲ. ಮಗನ ಪರೀಕ್ಷೆ, ಮಗಳ ಮದುವೆ, ಔಷಧವಿಲ್ಲದ ಕಾಯಿಲೆ ಇವು ಬಂದಾಗ ಏನೇನನ್ನು ಕಟ್ಟಿಕೊಳ್ಳುತ್ತೇವೆಂಬುದು ನಮಗೇ ಗೊತ್ತು. ಪಟ್ಟಣದ ತಾಯಿತಗಳಲ್ಲಿ ಈಗ ವಿಜ್ಞಾನದ ಶಬ್ದಗಳೇ ತುಂಬಿವೆ. ಅಯಸ್ಕಾಂತದ ಬಳೆಯನ್ನು ಮಾರುವವನು ಮೆಸ್ಮರನ ಹೆಸರನ್ನು ಕೇಳಿಲ್ಲದಿರಬಹುದು. ಅವನ ಮಾತು ಮಾತ್ರ ಮೆಸ್ಮರನದೇ. ಅಂಥವನು ಬಂದಾಗ ಅವನೊಡನೆ ತತ್ತ್ವವಿಚಾರಕ್ಕೆ ಇಳಿಯುವುದು ವ್ಯರ್ಥ. ಇದನ್ನು ಧರಿಸಿದವರಲ್ಲಿ ಗುಣವಾಗದವರು ಎಷ್ಟು ಮಂದಿ, ಅವರ ಪಟ್ಟಿ ಎಲ್ಲಿದೆ ಎಂದು ಕೇಳಿದರೆ ಸಾಕು.

ಇನ್ನು ಹಾವಿನ ಕಡಿತದ ವಿಷಯದಲ್ಲಿ ಇಂದಿನ ವೈದ್ಯರು ಹೇಳುವುದನ್ನು, ತಮ್ಮ ಹಳ್ಳಿಯ ಬಂಧುಗಳಿಗೆ ತಿಳಿಸಲು ಅನುಕೂಲವಾಗಲೆಂದು, ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಗಾಯವನ್ನು ಕೊಯ್ಯಬಾರದು, ಬಾಯಿಟ್ಟು ಹೀರಬಾರದು, ದಾರವನ್ನು ಬಿಗಿಯಬಾರದು. ಕಚ್ಚಿಸಿಕೊಂಡವನನ್ನು ನಡೆಸಬಾರದು, ಕಚ್ಚಿದ ಕೈಯನ್ನೋ ಕಾಲನ್ನೋ ಒಂದು ದಬ್ಬೆಗೆ ಕಟ್ಟಿ ಅಲುಗದಂತೆ ಇರಿಸಿ, ಧೈರ್ಯ ಹೇಳುತ್ತ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಧೈರ್ಯ ಹೇಳುವುದರಲ್ಲಿ ಊರಿನ ಮಂತ್ರವಾದಿಯಷ್ಟು ನಿಪುಣರು ಬೇರೆಯವರಿಲ್ಲ. ಅವನನ್ನೂ ಬಂಡಿಗೆ ಹತ್ತಿಸಿಕೊಳ್ಳಲಿ. ರೋಗಿಯ ಕೈಹಿಡಿದುಕೊಂಡು, ದಾರಿಯುದ್ದಕ್ಕೂ ಅವನು ತನ್ನ ಮಂತ್ರವನ್ನು ಸ್ವರಲೋಪವಿಲ್ಲದೆ ಹೇಳುತ್ತ ಬರಲಿ. ಬಂಡಿ ಮಾತ್ರ ಆಸ್ಪತ್ರೆಯ ಕಡೆಗೆ ಓಡುತ್ತಿರಲಿ.